ತೋಟದಲ್ಲಿ ಮಗಳ ಪಾಲು: ಇಸ್ಲಾಮಿನ ಸಮಾನತೆಯ ಮಾತು ಪಹಣಿಯವರೆಗೆ ಬರುವುದೇ?

ಹೊಸನಗರದ ಶಿಕ್ಷಕಿ

ಇಸ್ಲಾಮಿನಲ್ಲಿ ಹೆಣ್ಣು ಗಂಡಿನ ಸಮಾನತೆಯ ಚರ್ಚೆ ನಮ್ಮ ಜಿಲ್ಲೆಯಲ್ಲಿ 2017ರ ತಲಾಖ್ ತೀರ್ಪಿನ ಸಮಯದಲ್ಲಿ ಒಮ್ಮೆ, 2022ರ ಹಿಜಾಬ್ ಗಲಾಟೆಯ ಸಮಯದಲ್ಲಿ ಇನ್ನೊಮ್ಮೆ ಜೋರಾಗಿ ನಡೆಯಿತು. ಎರಡೂ ಸಲ ಮಾತನಾಡಿದವರಲ್ಲಿ ಹೆಚ್ಚಿನವರು ಗಂಡಸರು, ಅದರಲ್ಲೂ ನಮ್ಮ ಮನೆಗಳ ಹೊಸಿಲು ಕಾಣದವರು. ಆಸ್ತಿಯ ವಿಷಯ ಮಾತ್ರ ಯಾವ ಟಿವಿಯಲ್ಲೂ ಬರಲಿಲ್ಲ. ಮಲೆನಾಡಿನ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ದಿನವೂ ತೂಗುವ ಸಂಗತಿ ಅದೇ ಆಗಿರುವುದರಿಂದ ಅದನ್ನೇ ಇಲ್ಲಿ ಎತ್ತುತ್ತಿದ್ದೇನೆ.

ಮಗನಿಗೆ ಇಬ್ಬರು ಹೆಣ್ಣುಮಕ್ಕಳಷ್ಟು ಪಾಲು ಎಂದು ಕುರ್‌ಆನಿನ ನಾಲ್ಕನೆಯ ಅಧ್ಯಾಯದ 11ನೆಯ ವಚನ ಹೇಳುತ್ತದೆ. ಇದು ಅನ್ಯಾಯ ಎನ್ನುವವರಿದ್ದಾರೆ, ಇದೇ ನಿಜವಾದ ನ್ಯಾಯ ಎನ್ನುವವರೂ ಇದ್ದಾರೆ. ಈ ವಾದ ಮಾಡುವ ಎರಡೂ ಕಡೆಯವರಲ್ಲಿ ನನ್ನ ಪ್ರಶ್ನೆ ಒಂದೇ: ನಿಮಗೆ ಗೊತ್ತಿರುವ ಮನೆಗಳಲ್ಲಿ ತಂದೆ ತೀರಿಕೊಂಡ ಮೇಲೆ ಆ ಅರ್ಧ ಪಾಲಾದರೂ ಮಗಳ ಹೆಸರಿನಲ್ಲಿ ಪಹಣಿಗೆ ಬಂದದ್ದನ್ನು ನೋಡಿದ್ದೀರಾ? ನಾನು ಕಂಡಿರುವುದು ಹೆಚ್ಚಾಗಿ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ, ಊಟದ ಎಲೆ ತೆಗೆಯುವ ಮೊದಲೇ, ಅಕ್ಕತಂಗಿಯರ ಮುಂದೆ ಬರುವ, ತಮ್ಮ ಪಾಲು ಬೇಡವೆಂದು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರವನ್ನು.

ತೀರ್ಥಹಳ್ಳಿಯ ಮದರಸಾ ಅಧ್ಯಾಪಕ

ಪ್ರಶ್ನೆ ಸರಿಯಾಗಿದೆ. ಆದರೆ ಧರ್ಮ ಹೇಳಿದ್ದು ಯಾವುದು, ನಾವು ಮಾಡುತ್ತಿರುವುದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಇಟ್ಟುಕೊಂಡು ಮಾತನಾಡೋಣ.

ದೇವರ ಮುಂದೆ ಹೆಣ್ಣು ಗಂಡಿನ ಸ್ಥಾನದಲ್ಲಿ ವ್ಯತ್ಯಾಸವಿಲ್ಲ. ಪುರುಷರನ್ನು ಕುರಿತಂತೆ ನಮ್ಮನ್ನು ಕುರಿತೂ ಕುರ್‌ಆನಿನಲ್ಲಿ ಏಕೆ ಮಾತು ಬರುವುದಿಲ್ಲ ಎಂದು ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಕೇಳಿದರೆಂದೂ, 33ನೆಯ ಅಧ್ಯಾಯದ 35ನೆಯ ವಚನ ಅದಕ್ಕೆ ಉತ್ತರವಾಗಿ ಬಂದಿತೆಂದೂ ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್‌ಗಳಲ್ಲಿದೆ. ವಿಶ್ವಾಸವಿಟ್ಟ ಪುರುಷರು ಮತ್ತು ಸ್ತ್ರೀಯರು, ಸತ್ಯ ನುಡಿಯುವ ಪುರುಷರು ಮತ್ತು ಸ್ತ್ರೀಯರು, ದಾನ ಮಾಡುವ ಪುರುಷರು ಮತ್ತು ಸ್ತ್ರೀಯರು ಎಂದು ಜೋಡಿಜೋಡಿಯಾಗಿ ಹೆಸರಿಸಿ, ಪ್ರತಿಫಲ ಎಲ್ಲರಿಗೂ ಒಂದೇ ಎಂದು ಆ ವಚನ ಮುಗಿಸುತ್ತದೆ. ಪ್ರವಾದಿಯವರ ಮೊದಲ ಪತ್ನಿ ಹಜರತ್ ಖದೀಜಾ ಸ್ವಂತ ವ್ಯಾಪಾರ ನಡೆಸುತ್ತಿದ್ದವರು, ಪ್ರವಾದಿಯವರೇ ಮದುವೆಗೆ ಮೊದಲು ಅವರ ಸರಕು ಕೊಂಡೊಯ್ದವರು. ಅವರ ಇನ್ನೊಬ್ಬ ಪತ್ನಿ ಹಜರತ್ ಆಯಿಷಾ ಅವರಿಂದ ಬಂದ ಹದೀಸ್‌ಗಳು ಎರಡು ಸಾವಿರಕ್ಕೂ ಹೆಚ್ಚು, ಪ್ರವಾದಿಯವರ ಸಂಗಾತಿಗಳಾದ ಸಹಾಬಿಗಳೇ ಅವರಲ್ಲಿಗೆ ಬಂದು ಕಲಿಯುತ್ತಿದ್ದರು.

ಆಸ್ತಿಯ ವಚನ ಬಂದ ಸಂದರ್ಭವನ್ನೂ ನೆನೆಯಬೇಕು. ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ ಎಂಬ ಸಹಾಬಿ ಮಡಿದಾಗ ಅವರ ಸಹೋದರ ಇಡೀ ಆಸ್ತಿಯನ್ನು ತನ್ನ ವಶ ಮಾಡಿಕೊಂಡರು. ವಿಧವೆಯು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರಲ್ಲಿಗೆ ಬಂದು, ಆಸ್ತಿಯಿಲ್ಲದೆ ಈ ಮಕ್ಕಳ ಮದುವೆಯಾಗುವುದು ಹೇಗೆ ಎಂದು ದೂರಿದರು. ವಚನ ಬಂದ ಮೇಲೆ ಮೂರನೇ ಎರಡು ಭಾಗ ಹೆಣ್ಣುಮಕ್ಕಳಿಗೆ, ಎಂಟನೇ ಒಂದು ಭಾಗ ಅವರ ತಾಯಿಗೆ, ಉಳಿದದ್ದು ಆ ಸಹೋದರನಿಗೆ ಎಂದು ತೀರ್ಮಾನವಾಯಿತು.

ಇನ್ನು ಅರ್ಧದ ಮಾತು. ಹೆಣ್ಣಿಗೆ ಎಲ್ಲೆಡೆಯೂ ಅರ್ಧ ಎಂಬುದು ತಪ್ಪು ತಿಳಿವಳಿಕೆ. ತೀರಿಕೊಂಡವನಿಗೆ ಗಂಡುಮಗನಿದ್ದರೆ ಅವನ ತಂದೆಗೂ ತಾಯಿಗೂ ತಲಾ ಆರನೇ ಒಂದು ಭಾಗ, ಅಂದರೆ ಸಮಪಾಲು. ತಾಯಿ ಒಬ್ಬಳೇ, ತಂದೆ ಬೇರೆ ಆಗಿರುವ ಅಣ್ಣತಂಗಿಯರಿಗೆ ಪಾಲು ಸಿಗುವ ಸಂದರ್ಭದಲ್ಲೂ ಗಂಡುಹೆಣ್ಣಿಗೆ ಸಮಪಾಲು. ಮಗ ಮತ್ತು ಮಗಳ ನಡುವೆ ಎರಡು ಒಂದರ ಲೆಕ್ಕ ಇರುವುದು ಮಗನ ಮೇಲೆ ಖರ್ಚಿನ ಭಾರ ಇರುವುದರಿಂದ. ಹೆಂಡತಿ ಮಕ್ಕಳನ್ನು, ಅಗತ್ಯ ಬಿದ್ದರೆ ತಾಯಿಯನ್ನೂ ತಂಗಿಯನ್ನೂ ಅವನು ಸಾಕಬೇಕು. ಮಗಳು ತನ್ನ ಪಾಲನ್ನು, ಮದುವೆಯಲ್ಲಿ ಗಂಡು ಕೊಡುವ ಮಹರನ್ನು, ಗಳಿಕೆಯನ್ನು ಯಾರಿಗೂ ಖರ್ಚು ಮಾಡಬೇಕಾಗಿಲ್ಲ, ಗಂಡನಿಗೂ ಅದರ ಮೇಲೆ ಹಕ್ಕಿಲ್ಲ.

ಸಾಗರದ ತೋಟಿಗ

ಮೌಲವಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನೆಲದ ಕಷ್ಟ ನೆಲದಲ್ಲಿ ದುಡಿಯುವವನಿಗೆ ಗೊತ್ತು. ನಮ್ಮ ಅಜ್ಜ ಶರಾವತಿಯ ಮುಳುಗಡೆಯಲ್ಲಿ ಎಲ್ಲ ಕಳೆದುಕೊಂಡು ಬಂದು, ಕಾಡು ಕಡಿದು ಮಾಡಿದ ತೋಟ ಇದು. ತಂಗಿಯರ ಮದುವೆಗೆ ಸಾಲ ಮಾಡಿದವನು ನಾನು, ಕೊಳೆರೋಗ ಬಂದ ವರ್ಷ ಬ್ಯಾಂಕಿನ ನೋಟಿಸ್ ಪಡೆದವನೂ ನಾನು. ಇರುವ ಮೂರು ಎಕರೆಯನ್ನು ತುಂಡು ಮಾಡಿದರೆ ಯಾರ ಬದುಕೂ ನಡೆಯುವುದಿಲ್ಲ. ನನ್ನ ತಂಗಿಯರು ಸಂತೋಷದಿಂದಲೇ ಸಹಿ ಹಾಕಿದ್ದಾರೆ, ಹಬ್ಬಕ್ಕೆ ಬಂದು ಹೋಗುತ್ತಿದ್ದಾರೆ.

ಹೊಸನಗರದ ಶಿಕ್ಷಕಿ

ತೋಟಿಗರ ಮಾತಿನಲ್ಲಿರುವ ಪ್ರಾಮಾಣಿಕತೆಗೆ ಗೌರವವಿದೆ. ಹಾಗಾಗಿ ಅವರ ಮೂರು ಎಕರೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಮೂರು ಎಕರೆ ಎಂದರೆ 120 ಗುಂಟೆ. ತೀರಿಕೊಂಡವರಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಎಂದಿಟ್ಟುಕೊಳ್ಳೋಣ. ಹೆಂಡತಿಗೆ ಎಂಟನೇ ಒಂದು ಭಾಗ, 15 ಗುಂಟೆ. ಉಳಿದ 105 ಗುಂಟೆಯಲ್ಲಿ ಗಂಡುಮಕ್ಕಳಿಗೆ ತಲಾ 42, ಮಗಳಿಗೆ 21. ಇಸ್ಲಾಂ ಮಗಳಿಗೆ ಅನ್ಯಾಯ ಮಾಡಿದೆಯೋ ಇಲ್ಲವೋ ಎಂದು ಹೊರಗಿನವರು ಕಾದಾಡುವುದು 42ಕ್ಕೂ 21ಕ್ಕೂ ಇರುವ ಅಂತರದ ಮೇಲೆ. ನಮ್ಮ ಮನೆಯೊಳಗಿನ ಅಂತರ 21ಕ್ಕೂ ಸೊನ್ನೆಗೂ ಇರುವಂಥದ್ದು. ತಾಯಿಯ 15 ಗುಂಟೆಯನ್ನಂತೂ ಯಾರೂ ನೆನೆಯುವುದೇ ಇಲ್ಲ. ಅವಳು ಮಗನ ಜೊತೆಗೇ ಇರುತ್ತಾಳಲ್ಲ ಎನ್ನುತ್ತಾರೆ, ಅವಳ ಪಾಲಿನ ನೆಲದಲ್ಲಿ ಮಗ ಇದ್ದಾನೆ ಎಂದು ಯಾರೂ ಹೇಳಿದ್ದಿಲ್ಲ.

ಮೌಲವಿಯವರು ಕೊಟ್ಟ ಕಾರಣ ನನಗೆ ಚಿಕ್ಕಂದಿನಿಂದ ಗೊತ್ತು. ಅಣ್ಣನಿಗೆ ಹೆಚ್ಚು ಪಾಲು, ಏಕೆಂದರೆ ಅಣ್ಣನಿಗೆ ಹೆಚ್ಚು ಹೊಣೆ. ಪುರುಷರಿಗೆ ಕೊಟ್ಟ ಮೇಲ್ವಿಚಾರಣೆಗೆ ನಾಲ್ಕನೆಯ ಅಧ್ಯಾಯದ 34ನೆಯ ವಚನವೂ ಅವರು ತಮ್ಮ ಸಂಪತ್ತಿನಿಂದ ಖರ್ಚು ಮಾಡುವುದನ್ನು ಒಂದು ಕಾರಣವಾಗಿ ಹೇಳುತ್ತದೆ. ಒಪ್ಪಿದೆ. ಆದರೆ ಕಾರಣ ಇರುವೆಡೆ ಲೆಕ್ಕವೂ ಇರಬೇಕು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಊರೂರಿನ ಚಪ್ಪರಗಳಲ್ಲಿ ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯುವವರು ಯಾರು? ಶಿವಮೊಗ್ಗದ ಕೇರಿಗಳಲ್ಲಿ ಹೊಲಿಗೆ ಯಂತ್ರದ ದುಡಿಮೆಯಿಂದ ಮಕ್ಕಳ ಫೀಸು ಕಟ್ಟುವವರು ಯಾರು? ಗಂಡ ಕೊಲ್ಲಿ ದೇಶಕ್ಕೆ ಹೋಗಿ ಹಣ ಕಳಿಸುವುದನ್ನು ನಿಲ್ಲಿಸಿದಾಗ ತವರಿಗೆ ಬಂದ ತಂಗಿಗೆ ಅಣ್ಣ ಖರ್ಚು ಕೊಟ್ಟನೇ, ಅಥವಾ ಅವಳೇ ಅಣ್ಣನ ಮನೆಯ ಕೆಲಸದಾಳಾದಳೇ? ಖರ್ಚಿನ ಹೊಣೆಯನ್ನು ತೋರಿಸಿ ಎರಡು ಪಾಲು ಪಡೆದವನು ಆ ಹೊಣೆಯನ್ನು ಕಳಚಿದರೆ ಅವನಿಂದ ವಸೂಲು ಮಾಡುವವರು ನಮ್ಮ ಜಮಾಅತಿನಲ್ಲಿ ಯಾರೂ ಇಲ್ಲ. ತಂಗಿ ಪಾಲು ಕೇಳಿದರೆ ಮಾತ್ರ ತವರಿನ ಬಾಗಿಲು ಮುಚ್ಚುವವರು ಬೇಕಾದಷ್ಟಿದ್ದಾರೆ.

ಮದುವೆಗೆ ಖರ್ಚು ಮಾಡಿದ್ದೇವೆ ಎಂಬ ಮಾತಿಗೂ ಒಂದು ಉತ್ತರ. ನಿಕಾಹಿನಲ್ಲಿ ಕೊಡಬೇಕಾದವನು ಗಂಡು, ಅದರ ಹೆಸರು ಮಹರ್. ನಾವು ಅದನ್ನು ಕೆಲವು ಸಾವಿರಕ್ಕೆ ಇಳಿಸಿ, ಜಹೇಜಿನ (ವರದಕ್ಷಿಣೆಯ) ಹೆಸರಿನಲ್ಲಿ ಲಕ್ಷಗಳನ್ನು ಹೆಣ್ಣಿನ ಕಡೆಯಿಂದ ಹೊರಡಿಸಿದ್ದೇವೆ. ಶರೀಅತ್ ಕೇಳದ ಆ ಹಣ ಅಳಿಯನ ಮನೆ ಸೇರುತ್ತದೆ, ಅದನ್ನು ತೋರಿಸಿ ಶರೀಅತ್ ಕೊಟ್ಟ ಪಾಲನ್ನು ಮಗಳಿಂದ ಕಳೆಯುತ್ತಾರೆ. ಅವಳಿಗೆ ಎರಡೂ ಕಡೆ ಬರಿಗೈ.

ಸಾಗರ ಸೀಮೆಯ ಹವ್ಯಕ ಗೃಹಿಣಿ

ಬೇರೆ ಸಮುದಾಯದವಳು ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ಕಾನೂನಾಯಿತು, ದೇಶಕ್ಕೆಲ್ಲ 2005ರಲ್ಲಿ ಬಂತು. ಕಾಗದದಲ್ಲಿ ನಾವು ಅಣ್ಣಂದಿರ ಸಮಾನ. ಆದರೆ ನಮ್ಮಲ್ಲೂ ವೈಕುಂಠ ಸಮಾರಾಧನೆ ಮುಗಿದ ವಾರದಲ್ಲಿ ಅದೇ ಹಕ್ಕು ಬಿಡುಗಡೆ ಪತ್ರ ಬರುತ್ತದೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ, ಒಂದು ಸಹಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯನ್ನು ನಮ್ಮ ಕಡೆ ಯಾವ ಧರ್ಮದವರೂ ಬೇರೆಯವರಿಂದ ಕಲಿಯಬೇಕಾಗಿಲ್ಲ. ಆದ್ದರಿಂದ ಮುಸ್ಲಿಂ ಹೆಣ್ಣುಮಕ್ಕಳ ಅರ್ಧ ಪಾಲನ್ನು ಕಂಡು ಮರುಗುವ ನಮ್ಮವರು ತಮ್ಮ ತಂಗಿಯರ ಪಹಣಿಯನ್ನು ಒಮ್ಮೆ ತೆಗೆದು ನೋಡಲಿ.

ಶಿವಮೊಗ್ಗದ ವಕೀಲೆ

ಕೆಲವು ಕಾನೂನಿನ ಅಂಶಗಳು ಸ್ಪಷ್ಟವಾಗಬೇಕು, ಏಕೆಂದರೆ ಕಚೇರಿಗೆ ಬರುವವರು ಅರ್ಧ ತಿಳಿದುಕೊಂಡು ಬರುತ್ತಾರೆ.

ಮುಸ್ಲಿಂ ಕಾನೂನಿನಲ್ಲಿ ಹುಟ್ಟಿನಿಂದ ಬರುವ ಹಕ್ಕು ಇಲ್ಲ, ಅವಿಭಕ್ತ ಕುಟುಂಬದ ಕಲ್ಪನೆಯೂ ಇಲ್ಲ. ತಂದೆ ಬದುಕಿರುವವರೆಗೆ ಆಸ್ತಿ ಪೂರ್ತಿ ಅವನದೇ, ಮಗನೂ ಪಾಲು ಕೇಳುವಂತಿಲ್ಲ, ಮಗಳೂ ಕೇಳುವಂತಿಲ್ಲ. ಅವನು ತೀರಿಕೊಂಡ ಕ್ಷಣದಲ್ಲೇ ಪ್ರತಿಯೊಬ್ಬ ವಾರಸುದಾರನ ಭಾಗ ಅವರವರಿಗೆ ಸೇರಿಬಿಡುತ್ತದೆ. ಮರಣದ ನಂತರ ಮಾಡುವ ಪೌತಿ ಖಾತೆಯಲ್ಲಿ ಅಣ್ಣಂದಿರ ಹೆಸರು ಮಾತ್ರ ಬಂದಿದೆ ಎಂಬ ಕಾರಣಕ್ಕೆ ತಂಗಿಯ ಒಡೆತನ ಹೋಗುವುದಿಲ್ಲ, ಖಾತೆ ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ.

ತಂದೆ ಬದುಕಿರುವಾಗಲೇ, ಮದುವೆಯ ಸಮಯದಲ್ಲಿ, ಮುಂದೆ ಪಾಲು ಕೇಳುವುದಿಲ್ಲ ಎಂದು ಬರೆಸಿಕೊಳ್ಳುವ ಪದ್ಧತಿ ಇದೆ. ಇನ್ನೂ ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ ಎಂಬುದು ಮೂಲ ನಿಯಮ. ಆದರೆ ಅದಕ್ಕೆ ಪ್ರತಿಯಾಗಿ ಹಣ ಪಡೆದು, ಅದರಂತೆ ನಡೆದುಕೊಂಡಿದ್ದರೆ ಮುಂದೆ ಪಾಲು ಕೇಳದಂತೆ ತಡೆಯಬಹುದು ಎಂದು ಸುಪ್ರೀಂ ಕೋರ್ಟ್ ಗುಲಾಂ ಅಬ್ಬಾಸ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಮದುವೆಯ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಬೇಡಿ.

ಕೃಷಿಭೂಮಿಯ ವಿಷಯದಲ್ಲಿ ಒಂದು ತೊಡಕಿದೆ. 1937ರ ಶರೀಅತ್ ಅನ್ವಯ ಕಾಯ್ದೆ, ರೂಢಿಗಳನ್ನು ಬದಿಗಿಟ್ಟು ಮುಸ್ಲಿಮರಿಗೆ ಶರೀಅತ್ ಅನ್ವಯಿಸುತ್ತದೆ ಎನ್ನುವಾಗಲೇ ಕೃಷಿಭೂಮಿಯನ್ನು ಹೊರಗಿಟ್ಟಿತು. ಮದ್ರಾಸ್ ಪ್ರಾಂತ್ಯ 1949ರಲ್ಲಿ, ಕೇರಳ 1963ರಲ್ಲಿ ತಿದ್ದುಪಡಿ ತಂದು ಅದನ್ನು ಒಳಗೆ ಸೇರಿಸಿದವು. ಈ ವಿನಾಯಿತಿಯನ್ನು ಹಿಡಿದುಕೊಂಡು ತೋಟದಲ್ಲಿ ಮಗಳಿಗೆ ಪಾಲೇ ಇಲ್ಲ ಎನ್ನುವ ಅಣ್ಣಂದಿರಿದ್ದಾರೆ. ಹಾಗೆ ಹೇಳುವವರು ಮಗಳನ್ನು ಹೊರಗಿಡುವ ರೂಢಿ ತಮ್ಮಲ್ಲಿ ಇದೆ ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು, ಅದರ ಭಾರ ಅವರ ಮೇಲಿದೆ. ಶುಕ್ರವಾರ ಶರೀಅತ್ ಎಂದು ಭಾಷಣ ಮಾಡಿ ಸೋಮವಾರ ರೂಢಿಯ ಪರವಾಗಿ ವಕಾಲತ್ತು ಹಾಕುವುದು ನೋಡಲು ಚೆನ್ನಾಗಿರುವುದಿಲ್ಲ, ಇಷ್ಟನ್ನು ವೃತ್ತಿಯ ಮಿತಿ ಮೀರಿ ಹೇಳಿದ್ದೇನೆ.

ಕೊಪ್ಪದ ಬ್ಯಾರಿ ಓದುಗ

ನನ್ನ ಚಿಂತೆ ಇನ್ನೊಂದು ಕಡೆಯದು. ನನಗೆ ಇರುವವರು ಇಬ್ಬರು ಹೆಣ್ಣುಮಕ್ಕಳು. ಶಿಕ್ಷಕಿಯವರ 120 ಗುಂಟೆಯನ್ನೇ ಹಿಡಿದರೆ, ನಾನು ಸತ್ತ ಮೇಲೆ ಹೆಂಡತಿಗೆ 15, ಮಕ್ಕಳಿಬ್ಬರಿಗೂ ಸೇರಿ 80, ಉಳಿದ 25 ಗುಂಟೆ ನನ್ನ ತಮ್ಮನಿಗೆ. ತಮ್ಮ ಒಳ್ಳೆಯವನೇ. ಆದರೆ ನನ್ನ ಮಕ್ಕಳನ್ನು ಸಾಕುವ ಹೊಣೆಯನ್ನು ಅವನು ಹೊರುತ್ತಾನೆ ಎಂಬ ಭರವಸೆಯ ಮೇಲೆ ಹುಟ್ಟಿದ ನಿಯಮ ಇದು, ಇಂದು ಯಾವ ಚಿಕ್ಕಪ್ಪನೂ ಅಣ್ಣನ ಮಗಳ ಕಾಲೇಜು ಶುಲ್ಕ ಕಟ್ಟುವುದಿಲ್ಲ. ಮಗಳಿದ್ದರೆ ಚಿಕ್ಕಪ್ಪನಿಗೆ ಪಾಲು ಇಲ್ಲ ಎಂಬುದು ಶಿಯಾ ಪಂಥದ ನಿಯಮ. ಸುನ್ನಿ ದೇಶವಾದ ಟ್ಯುನೀಷಿಯಾ ಕೂಡ 1959ರಲ್ಲೇ ಇಂಥ ತಿದ್ದುಪಡಿ ಮಾಡಿಕೊಂಡಿದೆ. ನಮಗೆ ಮಾತ್ರ ಇದನ್ನು ಮಾತನಾಡಿದರೇ ಈಮಾನ್ (ಧರ್ಮವಿಶ್ವಾಸ) ಹೋಗುತ್ತದೆ ಎಂಬ ಅಂಜಿಕೆ.

ಪಕ್ಕದ ಕೇರಳದ ಕಾಸರಗೋಡು ಜಿಲ್ಲೆಯ ವಕೀಲ ಸಿ. ಶುಕ್ಕೂರ್ ಮತ್ತು ಅವರ ಪತ್ನಿ ಶೀನಾ, ಸುಮಾರು ಮೂರು ದಶಕಗಳ ಹಿಂದೆ ನಿಕಾಹ್ ಆಗಿದ್ದವರು, 2023ರ ಮಾರ್ಚ್ 8ರಂದು ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆ ನೋಂದಾಯಿಸಿದರು. ಅವರಿಗೆ ಮೂವರೂ ಹೆಣ್ಣುಮಕ್ಕಳು. ಹಾಗೆ ನೋಂದಾಯಿಸಿದವರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದರಿಂದ ಸಹೋದರರಿಗೆ ಹೋಗಬೇಕಾದ ಭಾಗವೂ ಹೆಣ್ಣುಮಕ್ಕಳಿಗೇ ಉಳಿಯುತ್ತದೆ. ಆಗ ಅವರನ್ನು ಬೈದವರು ಬಹಳ. ನಾನು ಬೈಯಲಿಲ್ಲ, ಹಾಗೆ ಮಾಡುವ ಧೈರ್ಯವೂ ನನಗಿಲ್ಲ. ಧರ್ಮದೊಳಗೇ ದಾರಿ ಇದೆಯೇ ಎಂದು ಮೌಲವಿಯವರು ಹೇಳಲಿ.

ತೀರ್ಥಹಳ್ಳಿಯ ಮದರಸಾ ಅಧ್ಯಾಪಕ

ಇದೆ. ಮೊದಲು ಒಪ್ಪಲಾಗದ್ದನ್ನು ಹೇಳಿಬಿಡುತ್ತೇನೆ. ಪಾಲುಗಳನ್ನು ಮನುಷ್ಯರು ಮತ ಹಾಕಿ ಬದಲಾಯಿಸಬಹುದು ಎಂಬುದಕ್ಕೆ ನನ್ನ ಸಮ್ಮತಿ ಇಲ್ಲ. ನಿಗದಿಯಾದ ಪಾಲುಗಳನ್ನು ಹಕ್ಕುದಾರರಿಗೆ ಕೊಟ್ಟು ಉಳಿದದ್ದನ್ನು ಹತ್ತಿರದ ಗಂಡು ಬಂಧುವಿಗೆ ಕೊಡಿ ಎಂಬ ಹದೀಸ್ ಬುಖಾರಿಯವರ ಸಂಗ್ರಹದಲ್ಲಿದೆ, ಸುನ್ನಿಗಳಾದ ನಾವು ಅದನ್ನು ಬಿಡುವಂತಿಲ್ಲ.

ಆದರೆ ಇವೆಲ್ಲ ಸತ್ತ ಮೇಲಿನ ನಿಯಮಗಳು. ಬದುಕಿರುವಾಗ ಹಿಬಾ, ಅಂದರೆ ದಾನ, ಕೊಡಲು ಮಿತಿಯಿಲ್ಲ. ಬಶೀರ್ ಎಂಬ ಸಹಾಬಿ ತಮ್ಮ ಮಗ ನುಅಮಾನ್‌ಗೆ ಒಂದು ಉಡುಗೊರೆ ಕೊಟ್ಟು ಪ್ರವಾದಿಯವರನ್ನು ಸಾಕ್ಷಿಯಾಗಲು ಕೇಳಿದರು. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಅವರು ಮರುಪ್ರಶ್ನೆ ಹಾಕಿದರು, ಇಲ್ಲ ಎಂದಾಗ ಸಾಕ್ಷಿಯಾಗಲು ನಿರಾಕರಿಸಿ, ಮಕ್ಕಳ ನಡುವೆ ನ್ಯಾಯದಿಂದಿರಲು ಹೇಳಿದರು. ಇದರ ಆಧಾರದ ಮೇಲೆ, ಬದುಕಿರುವಾಗ ಕೊಡುವ ದಾನದಲ್ಲಿ ಮಗ ಮಗಳಿಗೆ ಸಮನಾಗಿ ಕೊಡುವುದು ಉತ್ತಮ ಎಂಬುದು ಸುನ್ನಿಗಳ ಹನಫಿ, ಶಾಫಿಈ ಪಂಥಗಳ ವಿದ್ವಾಂಸರಲ್ಲಿ ಬಹುಪಾಲು ಜನರ ನಿಲುವು. ಹಂಬಲಿ ಪಂಥದವರು ಅಲ್ಲಿಯೂ ಎರಡು ಒಂದರ ಲೆಕ್ಕವನ್ನೇ ಹೇಳುತ್ತಾರೆ. ಕೊಪ್ಪದವರು ತಮ್ಮ ಹೆಣ್ಣುಮಕ್ಕಳಿಗೆ ತೋಟವನ್ನು ಈಗಲೇ ಸಮನಾಗಿ ಕೊಟ್ಟರೆ ಯಾವ ಮೌಲವಿಯೂ ತಡೆಯಲಾರ. ತಮ್ಮನ ಹಕ್ಕನ್ನು ತಪ್ಪಿಸುವುದೇ ಉದ್ದೇಶವಾಗಬಾರದು ಎಂಬ ಮಾತಷ್ಟೇ ಉಳಿಯುತ್ತದೆ.

ಶಿಕ್ಷಕಿಯವರ ಆರೋಪಕ್ಕೆ ನನ್ನಲ್ಲಿ ಪ್ರತಿವಾದ ಇಲ್ಲ. ಪಾಲಿನ ವಚನಗಳು ಮುಗಿದ ಕೂಡಲೇ ಬರುವ 13 ಮತ್ತು 14ನೆಯ ವಚನಗಳು ಇವನ್ನು ದೇವರು ಹಾಕಿದ ಎಲ್ಲೆಗಳು ಎನ್ನುತ್ತವೆ, ಮೀರಿದವನಿಗೆ ನರಕಾಗ್ನಿಯ ಎಚ್ಚರಿಕೆ ಕೊಡುತ್ತವೆ. ಗಡ್ಡ, ಪರ್ದಾ, ಸಂಗೀತದ ಬಗ್ಗೆ ಶುಕ್ರವಾರದ ಖುತ್ಬಾ (ಪ್ರವಚನ) ಕೇಳಿದವರು ಬಹಳ ಮಂದಿ ಇದ್ದಾರೆ. ತಂಗಿಯ ಗುಂಟೆ ತಿಂದವನಿಗೆ ಈ 14ನೆಯ ವಚನವನ್ನು ಓದಿ ಹೇಳಿದ ಖುತ್ಬಾ ಕೇಳಿದವರು ವಿರಳ, ಏಕೆಂದರೆ ಮುಂದಿನ ಸಾಲಿನಲ್ಲಿ ಕುಳಿತಿರುವವರು, ಮಸೀದಿಗೆ ಚಂದಾ ಕೊಡುವವರು ಅವರೇ.

ಹೊಸನಗರದ ಶಿಕ್ಷಕಿ

ಮೌಲವಿಯವರು ಇದನ್ನು ಬರೆದದ್ದಕ್ಕೆ ಧನ್ಯವಾದ. ನಮ್ಮಿಬ್ಬರ ನಡುವೆ ಉಳಿದಿರುವ ಭಿನ್ನಾಭಿಪ್ರಾಯ ಏನೆಂದೂ ಹೇಳುತ್ತೇನೆ. ಹೊಣೆಯೇ ಹೆಚ್ಚು ಪಾಲಿಗೆ ಕಾರಣವಾದರೆ, ಹೊಣೆ ಹೊತ್ತ ಮಗಳಿಗೂ ಅದು ಅನ್ವಯಿಸಬೇಕು ಎಂದು ನನಗೆ ಅನಿಸುತ್ತದೆ. ಕಾರಣ ಏನೇ ಇದ್ದರೂ ಲೆಕ್ಕ ಬದಲಾಗದು ಎಂದು ಅವರು ನಂಬುತ್ತಾರೆ. ಈ ಪ್ರಶ್ನೆ ನಮ್ಮ ತಲೆಮಾರಿನಲ್ಲಿ ತೀರುವಂಥದ್ದಲ್ಲ. ಅದು ತೀರುವವರೆಗೆ 21 ಗುಂಟೆಯನ್ನು ತಡೆಹಿಡಿಯಲು ಇಬ್ಬರ ವಾದದಲ್ಲೂ ಆಸ್ಪದವಿಲ್ಲ. ಸಂತೋಷದಿಂದ ಸಹಿ ಹಾಕಿದರು ಎಂಬ ಮಾತನ್ನೂ ನಾನು ನಂಬುವುದು ಒಂದೇ ಪರೀಕ್ಷೆಯ ಮೇಲೆ: ಮೊದಲು ಪಾಲನ್ನು ಅವಳ ಹೆಸರಿಗೆ ಮಾಡಿ, ಒಂದು ಕೊಯ್ಲಿನ ದುಡ್ಡು ಅವಳ ಕೈ ಸೇರಲಿ, ಆಮೇಲೂ ಬೇಡವೆಂದರೆ ಅಣ್ಣನಿಗೆ ಹಿಬಾ ಕೊಡಲಿ.

ಸಾಗರದ ತೋಟಿಗ

ಮೂರು ದಿನದಿಂದ ಓದುತ್ತಿದ್ದೇನೆ, ಉತ್ತರ ಬರೆಯಲು ಆಗಿರಲಿಲ್ಲ. ನನ್ನ ಪ್ರಶ್ನೆಯನ್ನು ವಕೀಲರಿಗೆ ಕೇಳುತ್ತೇನೆ. ತಂಗಿಯರ ಪಾಲು ಕೊಡಬೇಕು, ಆದರೆ ತೋಟ ತುಂಡಾಗಬಾರದು, ಬಾವಿ ಒಂದೇ, ಪಂಪ್‌ಸೆಟ್ ಒಂದೇ. ಬಿಡುಗಡೆ ಪತ್ರ ನೋಂದಣಿ ಆಗಿಹೋಗಿದೆ. ಏನು ಮಾಡಬಹುದು?

ಶಿವಮೊಗ್ಗದ ವಕೀಲೆ

ಪತ್ರ ನೋಂದಣಿಯಾಗಿದ್ದರೂ ಕೊಡಲು ಮನಸ್ಸಿರುವವನನ್ನು ಯಾವ ಕಾನೂನೂ ತಡೆಯುವುದಿಲ್ಲ. ಮೂರು ಹಾದಿಗಳಿವೆ.

ತಂಗಿಯರ ಗುಂಟೆಗಳಿಗೆ ಇಂದಿನ ಮಾರುಕಟ್ಟೆ ಬೆಲೆ ಕಟ್ಟಿ, ಕಂತುಗಳಲ್ಲಾದರೂ ಬ್ಯಾಂಕಿನ ಮೂಲಕ ಕೊಡಬಹುದು. ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಹಿಡಿಯಬೇಡಿ, ಅದು ಬಹುತೇಕ ಕಡಿಮೆ ಇರುತ್ತದೆ.

ಎರಡನೆಯದು, ಅವರವರ ಭಾಗದಷ್ಟನ್ನು ನೋಂದಾಯಿತ ದಾನಪತ್ರದ ಮೂಲಕ ಮರಳಿ ಅವರ ಹೆಸರಿಗೆ ಮಾಡಿ, ಜಂಟಿ ಖಾತೆಯಲ್ಲಿ ಉಳಿಸಿ, ತೋಟವನ್ನು ನೀವೇ ನೋಡಿಕೊಂಡು, ವರ್ಷದ ಅಡಿಕೆಯಲ್ಲಿ ಖರ್ಚು ಕಳೆದು ಅವರ ಭಾಗದ ಹಣ ಕೊಡುವುದು. ಬಾಯಿಮಾತಿನ ಹಿಬಾಕ್ಕೂ ಮುಸ್ಲಿಂ ಕಾನೂನಿನಲ್ಲಿ ಮಾನ್ಯತೆ ಇದೆ, ಆದರೆ ಕೊಡುವುದಾಗಿ ಹೇಳುವುದು, ಪಡೆಯುವವರು ಒಪ್ಪುವುದು, ಸ್ವಾಧೀನ ಬಿಟ್ಟುಕೊಡುವುದು ಈ ಮೂರೂ ನಡೆದಿರಬೇಕು. ನಿಮ್ಮ ಕೈಯಲ್ಲೇ ತೋಟ ಇರುವುದರಿಂದ ಸ್ವಾಧೀನದ ಬಗ್ಗೆ ಮುಂದೆ ನಿಮ್ಮ ಮಕ್ಕಳು ತಕರಾರು ತೆಗೆಯಬಹುದು, ಆ ಕಾರಣಕ್ಕೆ ನೀವು ಅವರ ಪರವಾಗಿ ತೋಟ ನೋಡಿಕೊಳ್ಳುತ್ತಿರುವುದಾಗಿ ಪತ್ರದಲ್ಲೇ ಬರೆಸಿ, ನೋಂದಣಿ ಮಾಡಿಸಿ. ಕೊಪ್ಪದವರಿಗೂ ಇದೇ ಸಲಹೆ. ಕೊನೆಯ ಕಾಯಿಲೆಯವರೆಗೆ ಕಾಯಬೇಡಿ, ಮರಣಶಯ್ಯೆಯಲ್ಲಿ ಕೊಟ್ಟ ಹಿಬಾಕ್ಕೆ ವಸಿಯತ್ತಿನ (ಉಯಿಲಿನ) ಮಿತಿಗಳೇ ಅನ್ವಯಿಸುತ್ತವೆ.

ಮೂರನೆಯದು, ತೋಟ ಬಿಟ್ಟು ಮನೆಯ ನಿವೇಶನವನ್ನೋ ಬೇರೆ ಆಸ್ತಿಯನ್ನೋ ಬದಲಿಗೆ ಕೊಡುವುದು. ಇದನ್ನು ಆರಿಸಿಕೊಳ್ಳಬೇಕಾದವರು ತಂಗಿಯರು. ತಾಯಿ ಬದುಕಿದ್ದರೆ ಅವರ ಎಂಟನೇ ಒಂದು ಭಾಗವೂ ಇದೇ ಲೆಕ್ಕದಲ್ಲಿ ಸೇರಬೇಕು. ಬರುವಾಗ ಪಹಣಿ, ವಂಶವೃಕ್ಷ, ಬಿಡುಗಡೆ ಪತ್ರದ ಪ್ರತಿ ತನ್ನಿ, ತಂಗಿಯರನ್ನೂ ಕರೆದುಕೊಂಡು ಬನ್ನಿ.